ಗೋಲ್ಡ್ ವಿಂಗ್ ಪಕ್ಕದಲ್ಲಿ ಅಪ್ಪನ ಸೀಟು: ಸೈಡ್‌ಕಾರ್ ಕೂರಿಸಿದ ಕೆಲಸದ ದಾಖಲೆ

ಅಪ್ಪನ ಎಡ ಮೊಣಕಾಲು ಈಗ ಪೂರ್ತಿ ಮಡಚುವುದಿಲ್ಲ. ಹಿಂದಿನ ಸೀಟಿಗೆ ಕಾಲು ಎತ್ತಿ ಹಾಕುವುದು ಅವರಿಂದ ಆಗದ ಮಾತು. ನನಗೆ ಬೈಕ್ ಓಡಿಸಲು ಕಲಿಸಿದವರು ಅವರೇ. ದೂರದ ಪ್ರಯಾಣಕ್ಕೆ ಅವರನ್ನು ಬಿಟ್ಟು ಒಬ್ಬನೇ ಹೊರಟಾಗಲೆಲ್ಲ ಮನಸ್ಸಿಗೆ ಏನೋ ಕೊರೆಯುತ್ತಿತ್ತು. ಕಾರಿನಲ್ಲಿ ಕರೆದುಕೊಂಡು ಹೋಗಬಹುದು, ನಿಜ. ಆದರೆ ಅವರಿಗೆ ಬೇಕಾಗಿದ್ದು ಮುಖಕ್ಕೆ ಬಡಿಯುವ ಗಾಳಿ. ಅದಕ್ಕೇ ಬೈಕಿಗೆ ಸೈಡ್‌ಕಾರ್, ಅಂದರೆ ಪಕ್ಕಕ್ಕೆ ಕಟ್ಟುವ ಒಂದು ಚಕ್ರದ ಸೀಟು, ಕೂರಿಸುವ ಕೆಲಸಕ್ಕೆ ಕೈ ಹಾಕಿದೆ. ವಾರಾಂತ್ಯಗಳಲ್ಲಿ ಮಾತ್ರ ಬಿಡುವು ಇದ್ದಿದ್ದರಿಂದ ಐದು ತಿಂಗಳು ಹಿಡಿಯಿತು. ಒಂದೇ ಸಲಕ್ಕೆ ಸರಿಯಾದದ್ದನ್ನೂ, ಬಿಚ್ಚಿ ಮತ್ತೆ ಮಾಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಬೈಕು ಹೋಂಡಾ ಗೋಲ್ಡ್ ವಿಂಗ್ ಜಿಎಲ್1500. 1988ರಲ್ಲಿ ಬಂದ ಮಾದರಿ. 1520 ಸಿಸಿ, ಎರಡೂ ಪಕ್ಕಕ್ಕೆ ಮಲಗಿದ ಆರು ಸಿಲಿಂಡರು, ಚೈನಿನ ಬದಲು ಶಾಫ್ಟು. ಬೈಕಿನ ತೂಕವೇ 350 ಕೆ.ಜಿ. ದಾಟುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಎಳೆಯುವ ಶಕ್ತಿ ಬೇಕಾದಷ್ಟಿದೆ. ಸೈಡ್‌ಕಾರ್‌ಗೆ ಬೇಕಾಗಿರುವುದೂ ಅದೇ. ಇನ್ನೊಂದು ದೊಡ್ಡ ಅನುಕೂಲ ಎಂದರೆ ಫ್ರೇಮು ಉಕ್ಕಿನದು. ಮುಂದೆ ಬಂದ ಜಿಎಲ್1800ರ ಫ್ರೇಮು ಅಲ್ಯೂಮಿನಿಯಂ. ಅದಕ್ಕೂ ಸೈಡ್‌ಕಾರ್ ಹಾಕುತ್ತಾರೆ, ಆದರೆ ಹಿಡಿತ ಹುಡುಕುವುದು ಇನ್ನೂ ಕಷ್ಟ.

ಸೈಡ್‌ಕಾರ್ ಹಳೆಯದು. ದೋಣಿ ಆಕಾರದ ಫೈಬರ್ ಬಾಡಿ, ಉಕ್ಕಿನ ಪೈಪಿನ ಚಾಸಿ, ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ಒಂದು ತೋಳು (ಸ್ವಿಂಗ್ ಆರ್ಮ್), ಅದಕ್ಕೊಂದು ಸ್ಪ್ರಿಂಗ್ ಶಾಕ್. ತೂಗಿದಾಗ 112 ಕೆ.ಜಿ. ಬಂತು. ಬೈಕಿನ ತೂಕದ ಮೂರನೇ ಒಂದು ಭಾಗದ ಹತ್ತಿರ. ತೀರಾ ಹಗುರ ಆದರೆ ತಿರುವಿನಲ್ಲಿ ಚಕ್ರ ಮೇಲೇಳುತ್ತದೆ. ತೀರಾ ಭಾರ ಆದರೆ ಅದೇ ಬೈಕನ್ನು ಎಳೆದಾಡುತ್ತದೆ.

ರಸ್ತೆಯ ಎಡಗಡೆ ಗಾಡಿ ಓಡಿಸುವ ದೇಶಗಳಲ್ಲಿ ಸೈಡ್‌ಕಾರ್ ಸಾಮಾನ್ಯವಾಗಿ ಎಡಕ್ಕೆ, ಬಲಗಡೆ ಓಡಿಸುವ ಕಡೆ ಬಲಕ್ಕೆ. ನನ್ನದು ಎಡಕ್ಕೆ. ಬಲಕ್ಕೆ ಹಾಕುವವರು ಮುಂದಿನ ಎಡ–ಬಲಗಳನ್ನು ಅದಲುಬದಲು ಮಾಡಿ ಓದಿಕೊಳ್ಳಿ. ನೋಂದಣಿ ಮತ್ತು ವಿಮೆಯ ನಿಯಮ ಒಂದೊಂದು ಕಡೆ ಒಂದೊಂದು ಥರ. ಕಬ್ಬಿಣ ಕತ್ತರಿಸುವ ಮುಂಚೆಯೇ ವಿಚಾರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಆಗಲ್ಲ ಅಂದರೆ ತುಂಬಾ ನೋವಾಗುತ್ತದೆ.

ಹಿಡಿತ ಎಲ್ಲಿ ಕೊಡುವುದು

ಬೈಕಿಗೂ ಸೈಡ್‌ಕಾರ್‌ಗೂ ನಾಲ್ಕು ಕಡೆ ಹಿಡಿತ ಬೇಕು. ಕೆಳಗೆ ಎರಡು, ಮೇಲೆ ಎರಡು. ಕೆಳಗಿನ ಎರಡು ಎಳೆತ ಮತ್ತು ಭಾರ ಹೊರುತ್ತವೆ. ಮೇಲಿನ ಎರಡು ಸರಳುಗಳು ಬೈಕು ಎಷ್ಟು ವಾಲಿ ನಿಲ್ಲಬೇಕು ಎನ್ನುವುದನ್ನು ಹಿಡಿದಿಡುತ್ತವೆ. ನಾಲ್ಕೂ ಒಂದಕ್ಕೊಂದು ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು.

ಜಿಎಲ್1500ರಲ್ಲಿ ಫ್ರೇಮು ಕಣ್ಣಿಗೆ ಕಾಣಬೇಕಾದರೆ ಪ್ಲಾಸ್ಟಿಕ್ ಬಿಚ್ಚಬೇಕು. ಅದಕ್ಕೇ ಅರ್ಧ ದಿನ ಹೋಯಿತು. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದು ಭಾಗಕ್ಕೆ ಒಂದೊಂದು ಡಬ್ಬಿಯಂತೆ ಹಾಕಿ ಮೇಲೆ ಹೆಸರು ಬರೆದಿಟ್ಟೆ. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ, ನಮ್ಮ ದಾರಿಗೇ ಅಡ್ಡ. ಅದನ್ನು ತೆಗೆದೆ. ಮೂರು ಚಕ್ರದ ಗಾಡಿಗೆ ಅದು ಬೇಕಾಗಿಯೂ ಇಲ್ಲ.

ಕ್ರ್ಯಾಶ್ ಗಾರ್ಡ್‌ಗೆ ಕ್ಲಾಂಪ್ ಹಾಕಿ ಮುಗಿಸಿದ ಗಾಡಿಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೈಕ್ ಬಿದ್ದಾಗ ಒಂದು ಸಲ ಪೆಟ್ಟು ತಿನ್ನಲು ಇರುವ ಪೈಪು. ಪ್ರತಿ ಗುಂಡಿಗೂ ಸಾವಿರ ಸಲ ಎಳೆತ ತಿನ್ನಲು ಇರುವುದಲ್ಲ.

ನಾನು ಎಂಜಿನ್ ಕೆಳಗೆ ಒಂದು ಸಬ್‌ಫ್ರೇಮ್, ಅಂದರೆ ಫ್ರೇಮಿಗೆ ಬಿಗಿಯುವ ಇನ್ನೊಂದು ಪುಟ್ಟ ಚೌಕಟ್ಟು, ಮಾಡಿದೆ. ಎಡಗಡೆಯ ಕೆಳಪೈಪಿಗೆ ಮಾತ್ರ ಭಾರ ಕೊಟ್ಟರೆ ಆ ಪೈಪು ತಿರುಚಿಕೊಳ್ಳುತ್ತದೆ. ಹಾಗಾಗಿ ಸಬ್‌ಫ್ರೇಮ್ ಅಡ್ಡಕ್ಕೆ ಹೋಗಿ ಬಲಗಡೆಯ ಪೈಪನ್ನೂ ಹಿಡಿಯುತ್ತದೆ. ಮುಂದೆ ಎಂಜಿನ್ ಕೂರಿಸುವ ಬೋಲ್ಟುಗಳ ಜಾಗ, ಹಿಂದೆ ಸ್ವಿಂಗ್ ಆರ್ಮ್ ತಿರುಗುವ ಜಾಗದ ಕೆಳಗೆ. ಹೊಲಿಗೆ ಇಲ್ಲದ ಉಕ್ಕಿನ ಪೈಪು, 42 ಮಿ.ಮೀ. ದಪ್ಪ, ಗೋಡೆ 4 ಮಿ.ಮೀ. ಮೂಲೆಗಳಿಗೆ 8 ಮಿ.ಮೀ. ತಗಡಿನ ತ್ರಿಕೋನಗಳು. ಮೇಲಿನ ಎರಡು ಹಿಡಿತಗಳಲ್ಲಿ ಒಂದು ಎಂಜಿನ್ ಮುಂದೆ ಇಳಿಯುವ ಫ್ರೇಮ್ ಪೈಪಿಗೆ, ಇನ್ನೊಂದು ಸೀಟಿನ ಕೆಳಗೆ, ಹಿಂದಿನ ಶಾಕ್‌ನ ಮೇಲ್ತುದಿಯ ಹತ್ತಿರ. ಫ್ರೇಮಿಗೆ ಎಲ್ಲೂ ತೂತು ಕೊರೆಯಲಿಲ್ಲ. ಎಲ್ಲ ಕಡೆ ಎರಡು ಹೋಳಿನ ಕ್ಲಾಂಪು, ಒಳಗಡೆ ಪೈಪಿನ ಸುತ್ತಳತೆಗೆ ಸರಿಯಾಗಿ ಲೇತಿನಲ್ಲಿ ಕೊರೆದದ್ದು.

ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ ನೋಡಿದ್ದು ಒಳ್ಳೆಯದಾಯಿತು. ಮೊದಲ ಅಚ್ಚಿನಲ್ಲಿ ಅಡ್ಡಪೈಪು ಸರಿಯಾಗಿ ಎಂಜಿನ್ ಆಯಿಲ್ ಬಸಿಯುವ ಬೋಲ್ಟಿನ ಕೆಳಗೇ ಬಂದಿತ್ತು. ಪ್ರತಿ ಸಲ ಆಯಿಲ್ ಬದಲಿಸುವಾಗ ಸಬ್‌ಫ್ರೇಮ್ ಇಳಿಸಬೇಕಾಗುತ್ತಿತ್ತು. ಅಡ್ಡಪೈಪನ್ನು 60 ಮಿ.ಮೀ. ಹಿಂದಕ್ಕೆ ಸರಿಸಿದೆ. ಸೈಲೆನ್ಸರ್ ಪೈಪಿಗೂ ಸಬ್‌ಫ್ರೇಮಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಬಿಟ್ಟೆ. ಬಿಸಿಯಾದಾಗ ಪೈಪು ಹಿಗ್ಗುತ್ತದೆ, ಎಂಜಿನ್ ಅದುರುತ್ತದೆ, ತಾಗಿದರೆ ಸದ್ದು ಶುರು.

ಪೈಪುಗಳನ್ನು ಬೈಕಿನ ಮೇಲೇ ಹೊಂದಿಸಿ ಅಲ್ಲಲ್ಲಿ ಟ್ಯಾಕ್ (ಚುಕ್ಕಿ ಬೆಸುಗೆ) ಹೊಡೆದೆ. ಅದಕ್ಕೆ ಮುಂಚೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಇಗ್ನಿಷನ್ ಯೂನಿಟ್ಟಿನ ಪ್ಲಗ್ ಕೂಡ ಕಿತ್ತಿದ್ದೆ. ಆಮೇಲೆ ಸಬ್‌ಫ್ರೇಮ್ ಕೆಳಗಿಳಿಸಿ ಮೇಜಿನ ಮೇಲೆ ಪೂರ್ತಿ ವೆಲ್ಡ್ ಮಾಡಿದೆ. ಆರಿದ ಮೇಲೆ ವಾಪಸ್ ಏರಿಸಲು ಹೋದರೆ ಹಿಂದಿನ ಎರಡು ಬೋಲ್ಟು ಕೂರುತ್ತಲೇ ಇಲ್ಲ. ತೂತು 3 ಮಿ.ಮೀ. ಆಚೆ ಹೋಗಿತ್ತು. ಗೆಳೆಯನ ಅಣ್ಣ ವೆಲ್ಡಿಂಗ್‌ನಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಬಂದು ನೋಡಿ, "ಬಿಸಿ ಕಬ್ಬಿಣ ಆರುವಾಗ ಎಳ್ಕೊಳ್ಳುತ್ತೆ ತಮ್ಮಾ. ಅದನ್ನ ಬಿಗಿಯಾಗಿ ಹಿಡ್ಕೊಂಡೇ ಬೆಸೀಬೇಕು" ಅಂದರು. "ಈಗ ತೂತು ದೊಡ್ಡದು ಮಾಡಿದ್ರೆ ಆಗಲ್ವಾ ಅಣ್ಣ?" ಅಂದೆ. ಅವರು ತಲೆ ಅಲ್ಲಾಡಿಸಿದರು. ಸಡಿಲ ತೂತಿನಲ್ಲಿ ಬೋಲ್ಟು ದಿನಾ ಓಡಾಡಿ ಒಂದು ದಿನ ತುಂಡಾಗುತ್ತದೆ.

ಸಬ್‌ಫ್ರೇಮಿನ ಹಿಂದಿನ ಕಾಲುಗಳನ್ನು ಕತ್ತರಿಸಿದೆ. ದಪ್ಪ ಆಂಗಲ್‌ಗಳಲ್ಲಿ ಒಂದು ಜಿಗ್ (ಬಿಗಿದು ಹಿಡಿಯುವ ಅಚ್ಚು) ಮಾಡಿದೆ. ಬೈಕಿನ ನಾಲ್ಕು ಬೋಲ್ಟಿನ ಜಾಗಗಳನ್ನು ಅದರಲ್ಲಿ ನಕಲು ಮಾಡಿ, ಸಬ್‌ಫ್ರೇಮನ್ನು ಅದಕ್ಕೆ ಬಿಗಿದು, ಒಂದು ಕಡೆ ಒಂದಿಂಚು ಬೆಸೆದರೆ ಮುಂದಿನ ಇಂಚು ಎದುರು ಮೂಲೆಯಲ್ಲಿ, ಹೀಗೆ ಮಾಡಿದೆ. ಪೂರ್ತಿ ತಣ್ಣಗಾಗುವವರೆಗೆ ಬಿಚ್ಚಲಿಲ್ಲ. ಈ ಸಲ ಬೋಲ್ಟುಗಳು ಕೈಯಲ್ಲೇ ತಿರುಗಿ ಒಳಗೆ ಹೋದವು.

ಜೋಡಣೆಯ ಬೋಲ್ಟುಗಳೆಲ್ಲ ಎರಡೂ ಕಡೆಯಿಂದ ಹಿಡಿದ ಕವಲಿನಲ್ಲೇ ಇವೆ. ಒಂದೇ ಕಡೆ ಹಿಡಿದು ಇನ್ನೊಂದು ಕಡೆ ಗಾಳಿಯಲ್ಲಿ ಬಿಟ್ಟ ಬೋಲ್ಟು ಬಾಗುತ್ತದೆ. ಕ್ಲಾಂಪುಗಳಿಗೆ 12 ಮಿ.ಮೀ.ನ 8.8 ದರ್ಜೆಯ ಬೋಲ್ಟು, 80 ನ್ಯೂಟನ್ ಮೀಟರ್ ಬಿಗಿತ. ಮೇಲಿನ ಸರಳುಗಳ ಒಂದು ತುದಿಗೆ ಬಲ ಮರೆ (ಸ್ಕ್ರೂವಿನ ಸುರುಳಿ ಗೀರು), ಇನ್ನೊಂದಕ್ಕೆ ಎಡ ಮರೆ. ನಡುವಿನ ಪೈಪು ತಿರುಗಿಸಿದರೆ ಸರಳು ಉದ್ದ ಅಥವಾ ಗಿಡ್ಡ ಆಗುತ್ತದೆ, ಏನನ್ನೂ ಬಿಚ್ಚಬೇಕಿಲ್ಲ. ಸರಿಮಾಡಿದ ಮೇಲೂ ಮರೆ ಪೈಪಿನ ಒಳಗೆ ತನ್ನ ದಪ್ಪದ ಒಂದೂವರೆಯಷ್ಟಾದರೂ ಉಳಿದಿರಬೇಕು. ಅದಕ್ಕಿಂತ ಕಡಿಮೆ ಉಳಿದರೆ ಉದ್ದದ ಸರಳು ಮಾಡಿಸಿಕೊಳ್ಳಿ.

ಹ್ಯಾಂಡಲ್ ಹಗುರ ಮಾಡಿದ್ದು

ಬೈಕಿನ ಜ್ಯಾಮಿತಿ ಪೂರ್ತಿ ವಾಲುವುದಕ್ಕೆಂದೇ ಮಾಡಿದ್ದು. ಸೈಡ್‌ಕಾರ್ ಕಟ್ಟಿದ ಗಾಡಿ ವಾಲುವುದೇ ಇಲ್ಲ. ಇದರ ಬಿಸಿ ಮೊದಲು ತಟ್ಟುವುದು ತೋಳಿಗೆ.

ಹ್ಯಾಂಡಲ್ ತಿರುಗುವ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆ ದೂರಕ್ಕೆ ಟ್ರೇಲ್ ಎನ್ನುತ್ತಾರೆ. ತಳ್ಳುಗಾಡಿಯ ಪುಟ್ಟ ಚಕ್ರ ತಾನಾಗಿ ಹಿಂದಕ್ಕೆ ತಿರುಗಿ ನೇರ ಆಗುತ್ತದಲ್ವಾ, ಅದೇ ತತ್ವ. ಎರಡು ಚಕ್ರದ ಬೈಕಿಗೆ ಇದು ಬೇಕೇ ಬೇಕು. ಮೂರು ಚಕ್ರಕ್ಕೆ ಇಷ್ಟು ಟ್ರೇಲ್ ಇದ್ದರೆ, ಪ್ರತಿ ತಿರುವಿನಲ್ಲೂ ಹ್ಯಾಂಡಲ್ ನೇರ ಆಗಲು ಹಟ ಮಾಡುತ್ತದೆ, ನಾವು ಅದರ ಜೊತೆ ಕುಸ್ತಿ ಮಾಡಬೇಕು.

ನನ್ನ ಬೈಕಿನ ಟ್ರೇಲ್ ಅಳೆದೆ. ಗಾರೆ ಕೆಲಸದವರ ತೂಕದ ಗುಂಡನ್ನು ಮುಂದಿನ ಆಕ್ಸಲ್‌ನಿಂದ ಇಳಿಬಿಟ್ಟು ನೆಲದಲ್ಲಿ ಗುರುತು. ಹ್ಯಾಂಡಲ್ ಕಂಬದ ಗೆರೆಗೆ ಸಮನಾಗಿ ನೂಲು ಎಳೆದು ಇನ್ನೊಂದು ಗುರುತು. ನಡುವೆ 110 ಮಿ.ಮೀ. ಬಂತು. ಸೈಡ್‌ಕಾರ್‌ಗೆ ಇದರ ಅರ್ಧ ಸಾಕು.

ಕಡಿಮೆ ಮಾಡಲು ಎರಡು ದಾರಿ. ಒಂದು, ಮುಂದಿನ ಚಕ್ರ ಹಿಡಿಯುವ ಫೋರ್ಕನ್ನೇ ತೆಗೆದು, ಮುಂದಕ್ಕೆ ಚಾಚಿದ ತೋಳುಗಳಲ್ಲಿ ಚಕ್ರ ಹಿಡಿಯುವ ಲೀಡಿಂಗ್ ಲಿಂಕ್ ಫೋರ್ಕ್ ಹಾಕುವುದು. ಇದು ಹಳೆಯ ಮತ್ತು ಗಟ್ಟಿ ದಾರಿ. ಬಿಎಂಡಬ್ಲ್ಯು 1955ರಿಂದ 1969ರವರೆಗೆ ಅರ್ಲ್ಸ್ ಫೋರ್ಕ್ (ಲೀಡಿಂಗ್ ಲಿಂಕಿನದೇ ಒಂದು ಬಗೆ) ಹಾಕಿದ ಬೈಕುಗಳನ್ನು ಮಾಡಿತು. ಅದರಲ್ಲಿ ಫೋರ್ಕಿನ ತೋಳು ಕೂರಲು ಎರಡು ಜಾಗ ಇದ್ದವು. ಒಂದು ಬರಿ ಬೈಕಿಗೆ, ಇನ್ನೊಂದು ಸೈಡ್‌ಕಾರ್ ಕಟ್ಟಿದಾಗ. ಕಾರ್ಖಾನೆಯಲ್ಲೇ ಸೈಡ್‌ಕಾರ್ ಸಮೇತ ಬರುವ ಉರಾಲ್ ಗಾಡಿಗಳಲ್ಲಿ ಈಗಲೂ ಲೀಡಿಂಗ್ ಲಿಂಕ್ ಇದೆ. ಎರಡನೇ ದಾರಿ, ಫೋರ್ಕಿನ ಎರಡು ಕಾಲುಗಳನ್ನು ಹಿಡಿಯುವ ಮೇಲಿನ ಮತ್ತು ಕೆಳಗಿನ ಕ್ಲಾಂಪುಗಳನ್ನು ಬದಲಿಸಿ, ಕಾಲುಗಳು ಕಂಬಕ್ಕಿಂತ ಕೆಲವು ಡಿಗ್ರಿ ಮುಂದಕ್ಕೆ ಚಾಚುವಂತೆ ಮಾಡುವುದು. ನಾನು ಹಿಡಿದದ್ದು ಇದು. ಲೀಡಿಂಗ್ ಲಿಂಕ್ ಹೆಚ್ಚು ಒಳ್ಳೆಯದು ಎಂದು ನನಗೂ ಗೊತ್ತು. ಬ್ರೇಕ್ ಹಿಡಿದಾಗ ಮುಂಭಾಗ ಕುಸಿಯುವುದೂ ಅದರಲ್ಲಿ ತಗ್ಗುತ್ತದೆ. ಆದರೆ ಅದನ್ನು ಕೈಯಾರೆ ಮಾಡುವಷ್ಟು ನಂಬಿಕೆ ನನಗೆ ನನ್ನ ವೆಲ್ಡಿಂಗ್ ಮೇಲೆ ಇರಲಿಲ್ಲ.

4 ಡಿಗ್ರಿಯ ಕ್ಲಾಂಪು ಹಾಕಿದ ಮೇಲೆ ಟ್ರೇಲ್ 55 ಮಿ.ಮೀ. ಹತ್ತಿರ ಬಂತು. ಮುಂಭಾಗ 25 ಮಿ.ಮೀ. ತಗ್ಗಿತು, ಎರಡು ಚಕ್ರಗಳ ನಡುವಿನ ದೂರ 40 ಮಿ.ಮೀ. ಹೆಚ್ಚಿತು. ತಗ್ಗಿದ್ದರಲ್ಲಿ ಅರ್ಧದಷ್ಟನ್ನು ಫೋರ್ಕ್ ಸ್ಪ್ರಿಂಗ್ ಮೇಲೆ ಉದ್ದದ ಸ್ಪೇಸರ್ ಹಾಕಿ ವಾಪಸ್ ಎತ್ತಿದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಪೈಪು, ತಂತಿ ಎಲ್ಲೂ ಬಿಗಿಯುವುದಿಲ್ಲ ಎಂದು ನೋಡಿಕೊಂಡೆ. ಒಂದು ಎಚ್ಚರಿಕೆ. ಟ್ರೇಲ್ ಇಳಿಸಿದ ಬೈಕನ್ನು ಸೈಡ್‌ಕಾರ್ ಬಿಚ್ಚಿ ಬರಿದೇ ಓಡಿಸಬೇಡಿ. ಅದಕ್ಕೆ ವೇಗದಲ್ಲಿ ನೇರ ನಿಲ್ಲುವ ಗುಣ ಉಳಿದಿರುವುದಿಲ್ಲ.

ಟ್ರೇಲ್ ತಗ್ಗಿದರೆ ಇನ್ನೊಂದು ಕಾಟ ಬರುತ್ತದೆ. 25–35 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಒದ್ದಾಡುತ್ತದೆ. ಅದಕ್ಕೆ ಆ ಒದ್ದಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಬೇಕು. ಮೊದಲೇ ಹಾಕಿದೆ.

ಅಳತೆ

ಈ ಕೆಲಸದ ಜೀವ ಇರುವುದು ಇಲ್ಲಿ. ವೆಲ್ಡಿಂಗ್ ಚೆಂದ ಇಲ್ಲದಿದ್ದರೂ ಗಾಡಿ ಓಡುತ್ತದೆ. ಅಳತೆ ತಪ್ಪಿದರೆ ಪ್ರತಿ ಕಿಲೋಮೀಟರಿಗೂ ತೋಳು ನೋಯುತ್ತದೆ, ಟೈರು ಸವೆಯುತ್ತದೆ.

ಮೊದಲು ನೆಲ. ನನ್ನ ಶೆಡ್ಡಿನ ನೆಲ ಸಮ ಇದೆ ಎಂದೇ ನಂಬಿದ್ದೆ. ಉದ್ದದ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದರೆ ಬೈಕಿನ ಸಾಲಿನಿಂದ ಸೈಡ್‌ಕಾರ್ ಚಕ್ರದವರೆಗಿನ 1250 ಮಿ.ಮೀ.ನಲ್ಲಿ 9 ಮಿ.ಮೀ. ಇಳಿಜಾರು. ಅಷ್ಟಕ್ಕೇ 0.4 ಡಿಗ್ರಿ ತಪ್ಪು. ನಾವು ಹೊಂದಿಸಲು ಹೊರಟಿರುವುದೇ ಒಂದೆರಡು ಡಿಗ್ರಿ. ಸೈಡ್‌ಕಾರ್ ಚಕ್ರದ ಕೆಳಗೆ ತಗಡು ಪೇರಿಸಿ ಸಮ ಮಾಡಿದೆ. ಮೂರೂ ಟೈರಿಗೆ ಸರಿಯಾದ ಗಾಳಿ ತುಂಬಿದೆ.

ಆಮೇಲೆ ಲೀಡ್. ಸೈಡ್‌ಕಾರ್ ಚಕ್ರದ ಆಕ್ಸಲ್ ಬೈಕಿನ ಹಿಂದಿನ ಆಕ್ಸಲ್‌ಗಿಂತ ಎಷ್ಟು ಮುಂದೆ ಇದೆ ಎನ್ನುವ ಲೆಕ್ಕ ಇದು. ಎರಡೂ ಒಂದೇ ಸಾಲಿನಲ್ಲಿದ್ದರೆ ಬಲ ತಿರುವಿನಲ್ಲಿ ಸೈಡ್‌ಕಾರ್ ಮೂಗು ನೆಲಕ್ಕೆ ಬಾಗಿ ಬೈಕಿನ ಹಿಂದಿನ ಚಕ್ರ ಎದ್ದುಬಿಡಬಹುದು. ತುಂಬಾ ಮುಂದೆ ಇಟ್ಟರೆ ಸೈಡ್‌ಕಾರ್ ಟೈರು ಪಕ್ಕಕ್ಕೆ ಉಜ್ಜುತ್ತದೆ, ತಿರುಗಿಸುವುದೂ ಭಾರ. ನಾನು 255 ಮಿ.ಮೀ. ಇಟ್ಟೆ, ಬೈಕಿನ ಎರಡು ಚಕ್ರಗಳ ದೂರದ ಸುಮಾರು ಶೇ 15.

ಮುಂದೆ ಟೋ-ಇನ್. ಸೈಡ್‌ಕಾರ್ ಚಕ್ರ ಬೈಕಿನ ಕಡೆಗೆ ಸ್ವಲ್ಪವೇ ಮೂಗು ತಿರುಗಿಸಿ ನಿಲ್ಲಬೇಕು. 3 ಮೀಟರಿನ ಎರಡು ನೇರ ಅಲ್ಯೂಮಿನಿಯಂ ಚೌಕ ಪೈಪು ತೆಗೆದುಕೊಂಡೆ. ಒಂದನ್ನು ಬೈಕಿನ ಚಕ್ರಗಳಿಗೆ ತಾಗಿಸಿ, ಇನ್ನೊಂದನ್ನು ಸೈಡ್‌ಕಾರ್ ಟೈರಿಗೆ ತಾಗಿಸಿ, ನೆಲದಿಂದ 10 ಸೆಂ.ಮೀ. ಎತ್ತರದಲ್ಲಿ ಮರದ ತುಂಡಿನ ಮೇಲೆ ಕೂರಿಸಿದೆ. ಜಿಎಲ್1500ರ ಹಿಂದಿನ ಟೈರು 160, ಮುಂದಿನದು 130. ಪೈಪು ಹಿಂದಿನ ಟೈರಿಗೆ ಎರಡು ಕಡೆ ತಾಗಬೇಕು, ಮುಂದಿನ ಟೈರಿನ ಹತ್ತಿರ ಸುಮಾರು 15 ಮಿ.ಮೀ. ಸಂದು ಉಳಿಯಬೇಕು. ಇದನ್ನು ಮರೆತು ಎರಡೂ ಟೈರಿಗೆ ತಾಗಿಸಿದರೆ ಗೆರೆಯೇ ಓರೆ. ಬೈಕಿನ ಹಿಂದೆ ಒಂದು ಸಲ, ಮುಂದೆ ಒಂದು ಸಲ ಎರಡು ಪೈಪುಗಳ ನಡುವಿನ ದೂರ ಅಳೆದೆ. ಮುಂದೆ 20 ಮಿ.ಮೀ. ಕಡಿಮೆ ಬರುವಂತೆ ಕೆಳಗಿನ ಮುಂದಿನ ಹಿಡಿತವನ್ನು ಸರಿಸಿದೆ.

ಕೊನೆಗೆ ಲೀನ್-ಔಟ್. ಬೈಕು ಸೈಡ್‌ಕಾರ್‌ನಿಂದ ಆಚೆಗೆ ಒಂದೆರಡು ಡಿಗ್ರಿ ವಾಲಿ ನಿಲ್ಲಬೇಕು. ಪಕ್ಕದಲ್ಲಿ ಒಂದು ಚಕ್ರ ಎಳೆಸಿಕೊಂಡು ಬರುತ್ತಿರುವುದರಿಂದ ಗಾಡಿ ಯಾವಾಗಲೂ ಎಡಕ್ಕೆ ಎಳೆಯುತ್ತದೆ. ರಸ್ತೆಯೂ ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತದೆ. ಬೈಕನ್ನು ಬಲಕ್ಕೆ ಸ್ವಲ್ಪ ವಾಲಿಸಿದರೆ ಇವೆರಡೂ ಸರಿಹೋಗುತ್ತವೆ. ಡಿಜಿಟಲ್ ಕೋನಮಾಪಕವನ್ನು ಮುಂದಿನ ಬ್ರೇಕ್ ಡಿಸ್ಕ್‌ಗೆ ಆನಿಸಿ, ಹ್ಯಾಂಡಲ್ ನೇರ ಹಿಡಿದು, ಮೇಲಿನ ಎರಡೂ ಸರಳುಗಳನ್ನು ಒಂದೇ ಸಮ ತಿರುಗಿಸುತ್ತಾ ಹೋದೆ. ನನ್ನ ಸರಳಿನ ಮರೆ 1.5 ಮಿ.ಮೀ. ಅಂತರದ್ದು. ಎರಡೂ ತುದಿ ಸೇರಿ ಒಂದು ಸುತ್ತಿಗೆ 3 ಮಿ.ಮೀ. ಉದ್ದ ಬದಲಾಗುತ್ತದೆ, ವಾಲುವುದು ಸುಮಾರು ಅರ್ಧ ಡಿಗ್ರಿ. ಒಂದು ಡಿಗ್ರಿಗೆ ನಿಲ್ಲಿಸಿದೆ. ಲೀನ್-ಔಟ್ ಬದಲಿಸಿದಾಗ ಟೋ-ಇನ್ ಕೂಡ ಸ್ವಲ್ಪ ಕದಲುತ್ತದೆ, ಅದನ್ನು ಮತ್ತೆ ನೋಡಿಕೊಂಡೆ.

ಎಲ್ಲ ಪುಸ್ತಕದ ಲೆಕ್ಕದಂತೆ ಇತ್ತು. ಆ ದಿನ ಗಾಡಿಯ ಮೇಲೆ ಯಾರೂ ಕೂತಿರಲಿಲ್ಲ ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಬ್ರೇಕು ಮತ್ತು ದೀಪ

ಸೈಡ್‌ಕಾರ್‌ಗೆ ಬ್ರೇಕ್ ಇಲ್ಲದಿದ್ದರೆ, ಬೈಕ್ ನಿಲ್ಲಲು ನೋಡುತ್ತದೆ, ಸೈಡ್‌ಕಾರ್ ಮುಂದೆ ಹೋಗಲು ನೋಡುತ್ತದೆ. ಗಾಡಿ ಬಲಕ್ಕೆ, ಎದುರಿನ ವಾಹನಗಳ ಕಡೆಗೆ ತಿರುಗುತ್ತದೆ. ಈ ತೂಕಕ್ಕೆ ಬ್ರೇಕ್ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಜಿಎಲ್1500ರಲ್ಲಿ ಪೆಡಲ್ ಒತ್ತಿದರೆ ಹಿಂದಿನ ಬ್ರೇಕಿನ ಜೊತೆ ಮುಂದಿನ ಒಂದು ಡಿಸ್ಕೂ ಹಿಡಿಯುತ್ತದೆ. ಅದೇ ಪೈಪಿಗೆ ಮೂರನೇ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಜೋಡಿಸಿದರೆ, ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮೂರನ್ನೂ ತುಂಬಿಸಲು ಒದ್ದಾಡುತ್ತದೆ. ಅದನ್ನು ಮುಟ್ಟಲಿಲ್ಲ. ಬೇರೆಯೇ ಪುಟ್ಟ ಮಾಸ್ಟರ್ ಸಿಲಿಂಡರ್ ಹಾಕಿ, ಬೈಕಿನ ಬ್ರೇಕ್ ಪೆಡಲ್ ಪಕ್ಕಕ್ಕೆ ಇನ್ನೊಂದು ಪೆಡಲ್ ಕೂರಿಸಿದೆ. ಒಂದೇ ಪಾದ ಎರಡನ್ನೂ ಒತ್ತುತ್ತದೆ. ಸೈಡ್‌ಕಾರ್ ಪೆಡಲನ್ನು 5 ಮಿ.ಮೀ. ತಗ್ಗಿಸಿದೆ, ಅದು ಒಂದು ಕ್ಷಣ ತಡವಾಗಿ ಹಿಡಿಯಲಿ ಎಂದು.

ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ಗಾಳಿಯನ್ನು ಎಷ್ಟು ಸಲ ತೆಗೆದರೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಮೂರು ಸಂಜೆ ಹೋಯಿತು. ಕೊನೆಗೆ ಟಾರ್ಚು ಹಿಡಿದು ಮಲಗಿ ನೋಡಿದೆ. ಆ ಕ್ಯಾಲಿಪರ್ ಮೊದಲು ಇನ್ನೊಂದು ಪಕ್ಕಕ್ಕೆ ಇದ್ದದ್ದು. ಈ ಪಕ್ಕಕ್ಕೆ ಹಾಕಿದಾಗ ಗಾಳಿ ಬಿಡುವ ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲೆ ಸೇರುತ್ತದೆ, ನಿಪ್ಪಲ್ ಕೆಳಗೆ. ಎಷ್ಟು ಪಂಪ್ ಮಾಡಿದರೇನು? ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ಆಕಾಶ ನೋಡುವಂತೆ ಎತ್ತಿ ಹಿಡಿದು ಗಾಳಿ ತೆಗೆದೆ. ಹತ್ತು ನಿಮಿಷದಲ್ಲಿ ಪೆಡಲ್ ಕಲ್ಲಿನಂತಾಯಿತು.

ದೀಪಗಳಿಗೆ ಬೇರೆ ಫ್ಯೂಸು, ರಿಲೇ ಹಾಕಿದೆ. ಬೈಕಿನ ಹಳೆಯ ತಂತಿಗೆ ಹೊಸ ಹೊರೆ ಬೇಡ. ಸೈಡ್‌ಕಾರ್‌ನ ಹೊರ ಅಂಚಿನಲ್ಲಿ ಮುಂದಕ್ಕೆ ಬಿಳಿ ದೀಪ, ಹಿಂದಕ್ಕೆ ಕೆಂಪು ದೀಪ, ಇಂಡಿಕೇಟರ್. ಕತ್ತಲಲ್ಲಿ ಎದುರು ಬರುವವರಿಗೆ ಗಾಡಿಯ ಅಗಲ ಕಾಣಬೇಕು.

ಓಡಿಸಿ ನೋಡಿದ್ದು

ಖಾಲಿ ಮೈದಾನದಲ್ಲಿ ಶುರು. ಸೈಡ್‌ಕಾರ್ ನೆಲದಲ್ಲಿ 40 ಕೆ.ಜಿ. ಮರಳಿನ ಚೀಲ. 10 ಕಿ.ಮೀ. ವೇಗದಲ್ಲಿ ಎಂಟರ ಆಕಾರದಲ್ಲಿ ಸುತ್ತು. ಬೈಕಿನಲ್ಲಿ ಎಡಕ್ಕೆ ಹೋಗಲು ಎಡ ಹಿಡಿಯನ್ನು ಮುಂದಕ್ಕೆ ತಳ್ಳುತ್ತೇವೆ, ಗೊತ್ತಿಲ್ಲದೇ. ಇದರಲ್ಲಿ ಹಾಗೆ ಮಾಡಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಹ್ಯಾಂಡಲ್ ಎತ್ತ ತಿರುಗಿಸುತ್ತೀರೋ ಅತ್ತ ಹೋಗುತ್ತದೆ, ಅಷ್ಟೇ. ವರ್ಷಗಟ್ಟಲೆ ಮೈಗೂಡಿದ್ದು ಒಂದು ಗಂಟೆಯಲ್ಲಿ ಹೋಗುವುದಿಲ್ಲ. ನಾನು ನಾಲ್ಕು ಬೆಳಿಗ್ಗೆ ಬರೀ ಇದನ್ನೇ ಮಾಡಿದೆ.

ಎಡ ತಿರುವಿನಲ್ಲಿ ಸೈಡ್‌ಕಾರ್ ಚಕ್ರ ಮೇಲೇಳುವುದನ್ನು ಬೇಕೆಂದೇ ಮಾಡಿ ನೋಡಿದೆ. ಮೊದಲ ಸಲ ಎದ್ದಾಗ ಎದೆ ಝಲ್ಲೆಂದಿತು. ಹ್ಯಾಂಡಲ್ ಸ್ವಲ್ಪ ನೇರ ಮಾಡಿ ಥ್ರಾಟಲ್ ಮೆತ್ತಗೆ ಬಿಟ್ಟರೆ ಅದು ತಾನೇ ಕೂರುತ್ತದೆ. ಇದನ್ನು ರಸ್ತೆಯಲ್ಲಿ ಮೊದಲ ಸಲ ಕಲಿಯುವ ಹಾಗಾಗಬಾರದು. ಥ್ರಾಟಲ್ ಕೊಟ್ಟರೆ ಗಾಡಿ ಎಡಕ್ಕೆ, ಬಿಟ್ಟರೆ ಬಲಕ್ಕೆ ಹೋಗುವುದೂ ಕ್ರಮೇಣ ಕೈಗೆ ಬಂತು. ಎಡ ತಿರುವಿಗೆ ಮುಂಚೆಯೇ ನಿಧಾನಿಸಿ, ತಿರುವಿನೊಳಗೆ ಹಗುರವಾಗಿ ಥ್ರಾಟಲ್ ಕೊಟ್ಟರೆ ಅದೇ ತಿರುಗಿಸಿಕೊಡುತ್ತದೆ.

ರಸ್ತೆಯಲ್ಲಿ 60ರ ವೇಗದಲ್ಲಿ ಮರಳಿನ ಚೀಲದ ಜೊತೆ ಚೆನ್ನಾಗಿಯೇ ಹೋಯಿತು. ಖುಷಿಯಿಂದ ಮನೆಗೆ ಬಂದು ಅಪ್ಪನನ್ನು ಕೂರಿಸಿಕೊಂಡೆ. ಬಾಗಿಲು ತೆಗೆದು ಕೂರುವಾಗ ಅವರು ಕಾಲನ್ನು ಚಾಚಿಕೊಂಡೇ ಒಳಗೆ ಜಾರಿಸಿದರು. ಮುಖದಲ್ಲಿ ನೋವು ಕಾಣಲಿಲ್ಲ.

ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಬಲ ತೋಳು ಬಿಗಿಯಾಯಿತು. ಬಲ ಹಿಡಿಯನ್ನು ಎಳೆದುಕೊಂಡೇ ಇರಬೇಕು, ಇಲ್ಲದಿದ್ದರೆ ಗಾಡಿ ರಸ್ತೆ ಅಂಚಿಗೆ. ಅಪ್ಪ ನನಗಿಂತ ಮುಂಚೆ ಗಮನಿಸಿದ್ದರು. "ಬಿಳಿ ಗೆರೆ ನನ್ ಹತ್ರಾನೇ ಬರ್ತಾ ಇದೆ ಕಣೋ. ನೀನ್ ತಗೊಂಡ್ ಬರ್ತಿದ್ದೀಯೋ, ಗಾಡೀನೇ ಬರ್ತಿದೆಯೋ?"

"ಗಾಡೀನೇ ಎಳೀತಿದೆ ಅಪ್ಪಾ."

"ಮನೆಗೆ ತಿರುಗ್ಸು. ನೋಡೋಣ."

ಶೆಡ್ಡಿಗೆ ಬಂದು ಅಪ್ಪ ಇಳಿಯಲು ಹೊರಟರು. ಆಗ ನನಗೆ ಹೊಳೆಯಿತು. "ಇಳೀಬೇಡಿ ಅಪ್ಪಾ, ಹಾಗೇ ಕೂತಿರಿ" ಅಂದೆ. ನಾನು ಬೈಕಿನ ಮೇಲೆ ಕೂತೆ. ನನ್ನ ತಮ್ಮ ಬಂದು ಕೋನಮಾಪಕ ಇಟ್ಟ. ಲೀನ್-ಔಟ್ ಇಲ್ಲವೇ ಇಲ್ಲ. ಬೈಕು ಸೈಡ್‌ಕಾರ್ ಕಡೆಗೇ 0.1 ಡಿಗ್ರಿ ವಾಲಿತ್ತು.

ಲೆಕ್ಕ ಹಾಕಿದೆವು. ಅಪ್ಪನ ಭಾರಕ್ಕೆ ಸೈಡ್‌ಕಾರ್ ಪಕ್ಕ 38 ಮಿ.ಮೀ. ಕುಸಿದಿತ್ತು. ನನ್ನ ಭಾರಕ್ಕೆ ಬೈಕು 14 ಮಿ.ಮೀ. ವ್ಯತ್ಯಾಸ 24. ನಮ್ಮ 1250 ಮಿ.ಮೀ. ಅಗಲಕ್ಕೆ ಒಂದು ಡಿಗ್ರಿ ಎಂದರೆ ಬರೀ 22 ಮಿ.ಮೀ. ನಾನು ಇಡೀ ದಿನ ಕೂತು ಕೊಟ್ಟಿದ್ದ ಡಿಗ್ರಿಯನ್ನು ಸ್ಪ್ರಿಂಗು ಒಂದೇ ಕ್ಷಣದಲ್ಲಿ ತಿಂದಿತ್ತು. ಟೋ-ಇನ್ ಕೂಡ 20ರಿಂದ 16ಕ್ಕೆ ಇಳಿದಿತ್ತು.

ಮುಂದಿನ ಭಾನುವಾರ ಎಲ್ಲವನ್ನೂ ಮೊದಲಿನಿಂದ ಮಾಡಿದೆವು, ಅಪ್ಪ ಒಳಗೆ ಕೂತಿರುವಾಗ. ಒಂದೂವರೆ ಗಂಟೆ ಅವರು ಕದಲಲಿಲ್ಲ. ಟೇಪಿನ ಸೊನ್ನೆ ತುದಿ ಅವರ ಕೈಯಲ್ಲಿ. ನಾನು ಬೈಕಿನ ಮೇಲೆ, ತಮ್ಮ ನೆಲದ ಮೇಲೆ. ಒಂದೊಂದು ಸಲ ಸರಳು ತಿರುಗಿಸಿದ ಮೇಲೂ ಗಾಡಿಯನ್ನು ಒಂದು ಮೀಟರ್ ಮುಂದೆ ತಳ್ಳಿ ಹಿಂದೆ ತಂದೆವು. ಹಾಗೆ ಮಾಡದಿದ್ದರೆ ಟೈರು ನೆಲಕ್ಕೆ ಅಂಟಿಕೊಂಡು ಸ್ಪ್ರಿಂಗು ನಿಜವಾದ ಜಾಗಕ್ಕೆ ಬಂದು ಕೂರುವುದಿಲ್ಲ. ಅದಕ್ಕೂ ಮುಂಚೆ ಸೈಡ್‌ಕಾರ್ ಸ್ಪ್ರಿಂಗ್ ಬದಲಿಸಿ ಗಟ್ಟಿಯದು ಹಾಕಿದ್ದೆ. ಕುಸಿತ 38ರಿಂದ 26ಕ್ಕೆ ಬಂತು. ತುಂಬಿದ ಭಾರದಲ್ಲಿ ಲೀನ್-ಔಟ್ 1.2 ಡಿಗ್ರಿ, ಟೋ-ಇನ್ 19 ಮಿ.ಮೀ. ಇಟ್ಟೆವು.

ಆ ಸಂಜೆ ಅದೇ ರಸ್ತೆ, ಅದೇ ವೇಗ. ಹ್ಯಾಂಡಲ್ ಮೇಲೆ ಬೆರಳು ಸುಮ್ನೆ ಇಟ್ಟಿದ್ದರೆ ಸಾಕು. ಅಪ್ಪ ಏನೂ ಹೇಳಲಿಲ್ಲ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಗಾಳಿಗೆ ಮುಖ ಒಡ್ಡಿ ಕೂತಿದ್ದರು.

600 ಕಿ.ಮೀ. ಆದ ಮೇಲೆ

ಪ್ರತಿ ನಟ್ಟಿನ ಮೇಲೂ ಬಣ್ಣದ ಗೆರೆ ಎಳೆದಿದ್ದೆ, ಕದಲಿದರೆ ಕಾಣಲಿ ಎಂದು. 600 ಕಿ.ಮೀ.ಗೆ ನೋಡಿದಾಗ ನಟ್ಟುಗಳೆಲ್ಲ ಸರಿಯಾಗಿದ್ದವು. ಆದರೆ ಕೆಳಗಿನ ಹಿಂದಿನ ಕ್ಲಾಂಪೇ ಪೈಪಿನ ಮೇಲೆ 2 ಮಿ.ಮೀ. ಜಾರಿತ್ತು. ಕ್ಲಾಂಪಿನ ಕೆಳಗೆ ಬಣ್ಣ ಹಾಗೇ ಬಿಟ್ಟಿದ್ದು ಕಾರಣ. ಬಿಗಿತಕ್ಕೆ ಬಣ್ಣದ ಪದರ ಅಪ್ಪಚ್ಚಿಯಾಗಿ ಹಿಡಿತ ಸಡಿಲವಾಗಿತ್ತು. ಎಲ್ಲ ಕ್ಲಾಂಪು ಬಿಚ್ಚಿ, ಕೆಳಗಿನ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದು, ಮತ್ತೆ ಬಿಗಿದು, ಅಂಚಿಗೆ ಮಾತ್ರ ಬಣ್ಣ ಹಚ್ಚಿದೆ. ಅಳತೆ ಮತ್ತೊಮ್ಮೆ ಮಾಡಿದೆ. ಆಮೇಲೆ 1500 ಕಿ.ಮೀ. ಆಗಿದೆ, ಗೆರೆಗಳು ಕದಲಿಲ್ಲ.

ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಲೀಟರಿಗೆ 15 ಕಿ.ಮೀ. ಬರುತ್ತಿದ್ದದ್ದು ಈಗ 11ಕ್ಕೆ ಇಳಿದಿದೆ. ಹಿಂದಿನ ಟೈರಿನ ನಡು ಚಪ್ಪಟೆ ಆಗುತ್ತಿದೆ. ವಾಲದ ಗಾಡಿಯಲ್ಲಿ ಅದು ಸಹಜ. ಈ ಬೈಕಿನ ರಿವರ್ಸ್ ಓಡುವುದು ಸ್ಟಾರ್ಟರ್ ಮೋಟರಿನಿಂದ. ಸೈಡ್‌ಕಾರ್ ಜೊತೆ ಅದು ವರದಾನ, ಕಾಲಲ್ಲಿ ತಳ್ಳಲು ಆಗುವ ತೂಕವೇ ಅಲ್ಲ ಇದು. ಆದರೆ ಸಮ ನೆಲದಲ್ಲಿ ಕೆಲವು ಸೆಕೆಂಡು ಮಾತ್ರ ಬಳಸುತ್ತೇನೆ. ಏರಿನಲ್ಲಿ ಹಿಂದಕ್ಕೆ ಹತ್ತಿಸಲು ಆ ಮೋಟರನ್ನು ಕೇಳುವುದು ತಪ್ಪು.

ಉಳಿದಿದ್ದ ಒಂದು ತೊಂದರೆ, ನಾನೊಬ್ಬನೇ ಹೋಗುವಾಗಿನದು. ಮರಳಿನ ಚೀಲ ಇದ್ದರೂ ಅಪ್ಪನಷ್ಟು ತೂಕ ಇರುವುದಿಲ್ಲ. ಸೈಡ್‌ಕಾರ್ ಮೇಲೇಳುತ್ತದೆ, ಲೀನ್-ಔಟ್ 1.7 ಡಿಗ್ರಿ ಆಗಿ ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಇದಕ್ಕೆ ಪರಿಹಾರ ಬೈಕಿನಲ್ಲೇ ಇತ್ತು. ಜಿಎಲ್1500ರ ಹಿಂದಿನ ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರ್ ಬೈಕಿನಲ್ಲೇ ಕೂತಿದೆ. ಗಾಳಿ ಹೆಚ್ಚಿಸಿದರೆ ಬೈಕಿನ ಹಿಂಭಾಗ ಎತ್ತರ ಆಗುತ್ತದೆ, ಇಡೀ ಗಾಡಿ ಸೈಡ್‌ಕಾರ್ ಕಡೆಗೆ ಸ್ವಲ್ಪ ವಾಲುತ್ತದೆ, ಲೀನ್-ಔಟ್ ತಗ್ಗುತ್ತದೆ. ಭಾರ ಜಾಸ್ತಿ ಆದಾಗ ಗಾಳಿ ಜಾಸ್ತಿ ಎನ್ನುವುದು ಬರಿ ಬೈಕಿನ ರೂಢಿ. ಇಲ್ಲಿ ಅಪ್ಪನ ಭಾರ ಬಹುಪಾಲು ಸೈಡ್‌ಕಾರ್ ಚಕ್ರದ ಮೇಲೆ ಬೀಳುವುದರಿಂದ ಲೆಕ್ಕ ತಿರುಗುಮುರುಗು. ಹಲವು ಸಲ ಅಳೆದು ಎರಡು ಒತ್ತಡ ಹಿಡಿದೆ. ಟ್ಯಾಂಕಿನ ಮುಚ್ಚಳದ ಒಳಗೆ ಬಿಳಿ ಟೇಪು ಅಂಟಿಸಿ ಬರೆದಿದ್ದೇನೆ: ಅಪ್ಪ 20 ಪಿಎಸ್ಐ, ಮರಳು 40 ಪಿಎಸ್ಐ.